ಬಿಂಕದಕಟ್ಟಿಯಲ್ಲಿ ಎರಡು ದಿನ

ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ಹೆದ್ದಾರಿಯಲ್ಲಿ ಹುಲಕೋಟಿಯನ್ನು ದಾಟಿ ಸ್ವಲ್ಪ ಮುಂದೆ ಸಾಗಿದರೆ, ಗದಗಿನ ಮನೆಗಳು ಕಣ್ಣಿಗೆ ಬೀಳುವುದಕ್ಕೆ ಮೊದಲೇ ಬಿಂಕದಕಟ್ಟಿಯೆಂಬ ಗ್ರಾಮವು ಸಿಕ್ಕುತ್ತದೆ. ದೂರದ ಜನರು ಈಗ ಈ ಊರನ್ನು ಅರಿತಿರುವುದು ಇಲ್ಲಿಯ ಕಿರು ಮೃಗಾಲಯದಿಂದ. ರಜೆಯ ದಿನಗಳಲ್ಲಿ ಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು ಬಂದ ಸಂಸಾರಗಳು ಮೃಗಪಕ್ಷಿಗಳನ್ನು ನೋಡಿ, ನೆರಳಿನಲ್ಲಿ ಕುಳಿತು ಉಂಡು, ಬಂದ ದಾರಿಯಿಂದಲೇ ಮರಳುತ್ತವೆ. ಊರೊಳಕ್ಕೆ ಕಾಲಿಡುವವರು ವಿರಳ. ನಾವಾದರೋ ಊರೊಳಕ್ಕೇ ಹೋಗತಕ್ಕವರು. ಉಪಾಧ್ಯಾಯ ವೃತ್ತಿಯ ಮೊದಲ ಏಳು ವರ್ಷಗಳನ್ನು ಇಲ್ಲಿ ಕಳೆದವರು. ಬಿಂಕವೆಂದರೆ ಗರ್ವವೆಂದೂ ಬೆಡಗೆಂದೂ ಅರ್ಥವುಂಟಷ್ಟೆ. ಈ ಏಳು ವರ್ಷಗಳಲ್ಲಿ ಊರ ಜನರಲ್ಲಿ ಅಂಥ ಗುಣವನ್ನು ನಾವು ಕಂಡುದಿಲ್ಲ. ಅದು ಇದ್ದುದು ನಮ್ಮಲ್ಲಿ. ಆ ಸಂಗತಿಯನ್ನು ಮುಂದೆ ಹೇಳಬೇಕಾಗಿದೆ.

2025ರ ಎಳ್ಳಮಾವಾಸ್ಯೆಯ ಮರುದಿನ, ಶನಿವಾರ, ನಾವು ಧಾರವಾಡದಿಂದ ಹೊರಟೆವು. ಭಾನುವಾರ ಗದಗಿನಲ್ಲಿ ಒಂದು ಚದುರಂಗದ ಸ್ಪರ್ಧೆ ಇತ್ತು; ವಯಸ್ಸಿನ ಕಟ್ಟಳೆಯಿಲ್ಲದೆ ಯಾರು ಬೇಕಾದರೂ ಆಡಬಹುದಾದ ಸ್ಪರ್ಧೆ. ಪ್ರವೇಶಧನ ತೆತ್ತು ಹೆಸರು ಬರೆಸಿದ್ದೆವು. ಕಡೆಯ ಸಲ ಇಂಥ ಸ್ಪರ್ಧೆಯಲ್ಲಿ ಕುಳಿತದ್ದು 1998ರಲ್ಲಿ. ನಡುವೆ ಇಪ್ಪತ್ತೇಳು ವರ್ಷ ಕಾಯಿ ಮುಟ್ಟಿರಲಿಲ್ಲ. ನಮ್ಮ ಗೃಹಿಣಿಯು ಚೀಲದೊಳಗೆ ಶಾಲನ್ನು ತುರುಕುತ್ತ, “ಈ ವಯಸ್ಸಿನಾಗ ಸಣ್ಣ ಹುಡುಗರ ಸಂಗಡ ಕೂತು ಆಡೋದು ಏನು ಛಂದ ಕಾಣತದ?” ಎಂದಳು. ಪ್ರಶ್ನೆಯು ನ್ಯಾಯವಾದುದೇ ಆದ್ದರಿಂದ ಉತ್ತರ ಕೊಡಲಿಲ್ಲ.

ಈ ಹುಚ್ಚು ನಮಗೆ ಹತ್ತಿದ್ದು ಸೋದರಳಿಯನಿಂದ. ಅವನು ಬೆಂಗಳೂರಿನಲ್ಲಿ ಗಣಕಯಂತ್ರದ ಕೆಲಸದಲ್ಲಿರುವನು; ಪೋಕರ್ ಎಂಬ ಇಸ್ಪೀಟಿನ ಆಟದಲ್ಲಿ ಅವನಿಗೆ ಬಹಳ ಆಸಕ್ತಿ. ಅನೇಕ ವರ್ಷಗಳಿಂದ ಮೊಬೈಲಿನ ಪರದೆಯ ಮೇಲೆಯೇ ಆಡುತ್ತಿದ್ದನು. 2025ರ ಆಗಸ್ಟಿನಲ್ಲಿ ಸಂಸತ್ತು ಹಣವೊಡ್ಡಿ ಜಾಲದ ಮೇಲೆ ಆಡುವ ಆಟಗಳನ್ನೆಲ್ಲ, ಅವು ಕೌಶಲದವಾಗಲಿ ಅದೃಷ್ಟದವಾಗಲಿ, ನಿಷೇಧಿಸಿ ಕಾನೂನು ಮಾಡಿತು. ಪರದೆ ಮುಚ್ಚಿದುದರಿಂದ ಅವನು ಗೋವೆಗೆ ಹೋಗಿ, ಎಂಟು ವರ್ಷಗಳ ಬಳಿಕ, ಮೇಜಿನ ಸುತ್ತ ಕುಳಿತಾಡುವ ಸ್ಪರ್ಧೆಯಲ್ಲಿ ಭಾಗವಹಿಸಿ ಬಂದನು. ಪೋಕರನ್ನು ಕೌಶಲದ ಆಟವಾಗಿ ಆಡುವುದಕ್ಕೆ ಪರವಾನಗಿಯ ಅವಶ್ಯಕತೆಯಿಲ್ಲವೆಂದು ನಮ್ಮ ಉಚ್ಚ ನ್ಯಾಯಾಲಯವು 2013ರಲ್ಲಿ ಹೇಳಿರುವುದನ್ನೂ, ರಮ್ಮಿಯಲ್ಲಿ ಕೌಶಲವೇ ಪ್ರಧಾನವೆಂದು ಸರ್ವೋಚ್ಚ ನ್ಯಾಯಾಲಯವು 1968ರಲ್ಲಿಯೇ ಹೇಳಿದುದನ್ನೂ ಅವನು ನಮಗೆ ಮರಳಿ ಮರಳಿ ತಿಳಿಸುವನು. ಮಾಮನ ಮುಂದೆ ತನ್ನ ಮಾನವನ್ನು ಉಳಿಸಿಕೊಳ್ಳುವುದಕ್ಕಾಗಿ ಇರಬೇಕು. ಸ್ಪರ್ಧೆಯಲ್ಲಿ ಕೊಟ್ಟ ಹಣಕ್ಕೆ ಇಷ್ಟೆಂದು ಬಿಲ್ಲೆಗಳನ್ನು ಕೊಡುತ್ತಾರಂತೆ; ಹೊತ್ತು ಏರಿದಂತೆಲ್ಲ ಒಡ್ಡಲೇಬೇಕಾದ ಪಣವೂ ಏರುವುದಂತೆ; ಬಿಲ್ಲೆ ತೀರಿದವನು ಎದ್ದು ಹೊರಗೆ ಹೋಗಬೇಕಂತೆ. “ಮಾಮಾ, ಮೊಬೈಲಿನಾಗ ಎಲಿ ನೋಡಿದ್ರ ಸಾಕಾಗತಿತ್ತು. ಅಲ್ಲಿ ಎದುರಿಗೆ ಕೂತವನ ಮುಖ ನೋಡಬೇಕು. ಅಂವ ನನ್ನ ಕೈ ನೋಡ್ತಿರತಾನ. ನನ್ನ ಕೈ ನಡಗತಿತ್ತು, ಎಂಟು ವರ್ಷದಾಗ ಅದು ಮರತೇ ಹೋಗಿತ್ತು” ಎಂದನು.

ನಾವು ಕೌಟಿಲ್ಯನನ್ನು ನೆನೆದೆವು. ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಅಧಿಕಾರಿಯುಂಟು. ಜೂಜನ್ನು ಒಂದೇ ಸ್ಥಳದಲ್ಲಿ ಆಡಿಸಬೇಕು. ಬೇರೆಡೆ ಆಡಿದವನಿಗೆ 12 ಪಣ ದಂಡ. ಗೆದ್ದ ದ್ರವ್ಯದಲ್ಲಿ ನೂರಕ್ಕೆ 5ರಂತೆ ಅಧ್ಯಕ್ಷನು ತೆಗೆದುಕೊಳ್ಳಬೇಕು. ದಾಳಗಳ ಬಾಡಿಗೆ, ನೀರು ಮತ್ತು ನೆಲದ ಶುಲ್ಕ ಬೇರೆ. ಗೋವೆಯ ಮೇಜಿನವರೂ ತಮ್ಮ ಪಾಲನ್ನು ಮೊದಲು ತೆಗೆದಿಟ್ಟುಕೊಳ್ಳುವರೆಂದು ಅಳಿಯನಿಂದಲೇ ತಿಳಿದಾಗ, ಎರಡು ಸಾವಿರ ವರ್ಷಗಳಲ್ಲಿ ಮನುಷ್ಯನ ಲೆಕ್ಕ ಬದಲಾಗಲಿಲ್ಲವೆಂದು ನಕ್ಕೆವು. ಹಣವೊಡ್ಡಿ ಆಡುವುದನ್ನು ನಾವು ಮೆಚ್ಚಲಾರೆವು. ಆದರೆ ಹುಡುಗನಿಗೆ ಬುದ್ಧಿ ಹೇಳಲು ಬಾಯಿ ತೆರೆದಾಗ ಮಾತು ಹೊರಡಲಿಲ್ಲ. ಪಣವಿಲ್ಲದ ಆಟದಲ್ಲಿಯೇ ನಮ್ಮ ಕೈ ಏನು ಮಾಡಿತ್ತೆಂಬುದು ನಮಗೆ ಗೊತ್ತಿತ್ತು.

ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಪೂರ್ವಾಭಿಮುಖವಾಗಿ ಹೊರಟರೆ ದಾರಿಯುದ್ದಕ್ಕೂ ಎರೆಯ ನೆಲ. ಮಾರ್ಗಶಿರದಲ್ಲಿ ಅದನ್ನು ನೋಡಬೇಕು. ಬಿಳಿಜೋಳ ಎದೆಯೆತ್ತರಕ್ಕೆ ನಿಂತಿದ್ದಿತು, ಕಡಲೆಯ ಹೊಲಗಳು ನೆಲಕ್ಕೆ ಹಚ್ಚಡ ಹೊದಿಸಿದಂತಿದ್ದುವು, ಅಲ್ಲಲ್ಲಿ ಕುಸುಬೆ. ಹಿಂದಿನ ದಿನ ಹೊಲಗಳಲ್ಲಿ ಚರಗ ಚೆಲ್ಲಿದ್ದರು. ಬಸ್ಸಿನಲ್ಲಿದ್ದ ಹೆಂಗಸರ ಬುಟ್ಟಿಗಳಿಂದ ಎಳ್ಳುಹೋಳಿಗೆಯ ವಾಸನೆ ಇನ್ನೂ ಬರುತ್ತಿತ್ತು. ಅಣ್ಣಿಗೇರಿಯಲ್ಲಿ ಬಸ್ಸು ಸ್ವಲ್ಪ ಹೊತ್ತು ನಿಂತಿತು. ಚಾಲುಕ್ಯರ ಕಾಲದ ಅಮೃತೇಶ್ವರ ದೇವಾಲಯ ಇರುವ ಊರು. ಆದಿಕವಿ ಪಂಪನ ತಾಯಿಯ ತವರು. ಇನ್ನು ಕುಮಾರವ್ಯಾಸನ ಕೋಳಿವಾಡವೂ ಇದೇ ಸೀಮೆಯದು. ಅವನು ತನ್ನ ಭಾರತವನ್ನು ರಚಿಸಿದುದು ಗದಗಿನ ವೀರನಾರಾಯಣನ ಸನ್ನಿಧಿಯಲ್ಲಿ ಎಂಬುದು ಪ್ರಸಿದ್ಧವಾಗಿದೆ. ಹೀಗಾಗಿ ದ್ಯೂತಪ್ರಸಂಗವನ್ನು ಕನ್ನಡದಲ್ಲಿ ಹಾಡಿದ ಇಬ್ಬರು ಮಹಾಕವಿಗಳ ನೆಲದ ಮೇಲೆ, ಆಟವಾಡುವುದಕ್ಕಾಗಿ, ನಾವು ಒಂದೂವರೆ ಗಂಟೆಯ ಪ್ರಯಾಣ ಮಾಡುತ್ತಿದ್ದೆವು.

ಆಟಕ್ಕೆ ಮರಳಿದವರ ಕಥೆಗಳು ಭಾರತದಲ್ಲಿ ಎರಡಿವೆ. ಬಸ್ಸಿನ ಕಿಟಕಿಗೆ ತಲೆಯಾನಿಸಿ ಅವೆರಡನ್ನೂ ತೂಗಿ ನೋಡಿದೆವು. ಒಂದು ಧರ್ಮರಾಯನದು. ಎಲ್ಲವನ್ನೂ ಸೋತು, ದ್ರೌಪದಿಯ ದೆಸೆಯಿಂದ ಎಲ್ಲವನ್ನೂ ಮರಳಿ ಪಡೆದು, ಇಂದ್ರಪ್ರಸ್ಥದ ದಾರಿ ಹಿಡಿದವನನ್ನು ಧೃತರಾಷ್ಟ್ರನು ಮತ್ತೆ ಕರೆಯಿಸಿದನು. ಅವನು ತಿರುಗಿ ಬಂದು ಕುಳಿತು ಮತ್ತೆ ಸೋತನು. ಅದಕ್ಕೆ ಅನುದ್ಯೂತವೆಂದು ಹೆಸರು. ಇನ್ನೊಂದು ನಳನದು. ಅವನೂ ರಾಜ್ಯವನ್ನು ಸೋತವನೇ. ಆದರೆ ವರ್ಷಗಳ ಕಾಲ ಕುದುರೆ ಕಾಯ್ದು, ತಾರೆಮರದ ಎಲೆ ಕಾಯಿಗಳನ್ನು ನೋಟಮಾತ್ರದಿಂದ ಎಣಿಸಿದ ಋತುಪರ್ಣನಿಗೆ ಅಶ್ವಹೃದಯವನ್ನು ಕೊಟ್ಟು ಅವನಿಂದ ಅಕ್ಷಹೃದಯವನ್ನು ಪಡೆದು, ಆಮೇಲೆ ಪುಷ್ಕರನೆದುರಿಗೆ ಕುಳಿತನು. ಆ ತಾರೆಯ ಕಾಯಿಗಳೇ ಆ ಕಾಲದ ದಾಳಗಳು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಕಲಿಯು ನಳನ ಮೈಯನ್ನು ಬಿಟ್ಟು ಆ ಮರವನ್ನೇ ಹೊಕ್ಕನಂತೆ. ಈ ನಳನ ಕಥೆಯನ್ನು ಬೃಹದಶ್ವನು ಹೇಳಿದುದು ವನದಲ್ಲಿ ಕುಳಿತು ಮರುಗುತ್ತಿದ್ದ ಧರ್ಮರಾಯನಿಗೇ! ನಾವು ಈ ಇಬ್ಬರಲ್ಲಿ ಯಾರ ಹಿಂದೆ ಹೋಗುತ್ತಿದ್ದೇವೆಂಬುದು ಹುಲಕೋಟಿ ಬಂದರೂ ಬಗೆಹರಿಯಲಿಲ್ಲ. ನಾವು ಅಕ್ಷಹೃದಯವನ್ನೇನೂ ಕಲಿತು ಬಂದವರಲ್ಲ.

ಬಿಂಕದಕಟ್ಟಿಯಲ್ಲಿ ನಮ್ಮ ಮಿತ್ರರಾದ ಗೌಡರು ರಸ್ತೆಯವರೆಗೂ ಬಂದು ಕಾಯುತ್ತಿದ್ದರು. ಅವರಿಗೆ ಈಗ ಎಪ್ಪತ್ತೆರಡು. “ಬರ್ರಿ ಮಾಸ್ತರ, ದಾರಿ ಮರತಿರಿ ಅನಕೊಂಡಿದ್ದೆ” ಎಂದು ಕೈಯ ಚೀಲವನ್ನು ಕಸಿದುಕೊಂಡರು. ನಾವು ಪಾಠ ಹೇಳಿದ ಶಾಲೆಗೆ ಹೊಸ ಕೋಣೆಗಳು ಬಂದಿವೆ. ಅಂಗಳದ ಬೇವಿನಮರ ಇಲ್ಲ. ಹಳೆಯ ಕರಿಹಂಚಿನ ಮನೆಗಳು ಬಹುಮಟ್ಟಿಗೆ ಹೋಗಿ ಮಾಳಿಗೆ ಎದ್ದಿವೆ. ದಕ್ಷಿಣಕ್ಕೆ ಕಪ್ಪತಗುಡ್ಡದ ಸಾಲು ಮಾತ್ರ ಮೊದಲಿನಂತೆಯೇ ನೀಲಿಯಾಗಿ ಮಲಗಿತ್ತು. ಗುಡಿಯ ಕಟ್ಟೆಯ ಮೇಲೆ ಐದಾರು ಹುಡುಗರು ಸಾಲಾಗಿ ಕುಳಿತಿದ್ದರು, ಪ್ರತಿಯೊಬ್ಬನ ಕೈಯಲ್ಲಿಯೂ ಒಂದು ಮೊಬೈಲು, ಮಾತಿಲ್ಲ. ಹಿಂದೆ ಅದೇ ಕಟ್ಟೆಯ ಮೇಲೆ ಗೌಡರೂ ನಾವೂ ಆಡುತ್ತ ಕುಳಿತರೆ ಎತ್ತು ಹೊಡೆದುಕೊಂಡು ಬಂದವರು ನಿಂತು ನಡೆ ಹೇಳಿಕೊಡುತ್ತಿದ್ದರು, ಇಬ್ಬರಿಗೂ.

ನಮ್ಮ ಕಡೆಯ ಹಿರಿಯರು ಈ ಆಟವನ್ನು ಬುದ್ಧಿಬಳವೆಂದು ಕರೆಯುತ್ತಿದ್ದರು. ಗೌಡರ ಆಟ ನಾಡ ಪದ್ಧತಿಯದು: ಕಾಲಾಳು ಮೊದಲ ಹೆಜ್ಜೆಯಲ್ಲಿಯೂ ಒಂದೇ ಮನೆ ನಡೆಯಬೇಕು, ಕೋಟೆ ಕಟ್ಟುವ ನಡೆಯಿಲ್ಲ, ಅದಕ್ಕೆ ಬದಲಾಗಿ ರಾಜನು ಒಂದು ಸಲ ಕುದುರೆಯಂತೆ ಜಿಗಿಯಬಹುದು. ಆಟ ನಿಧಾನ, ಆದರೆ ದಣಿವಿಲ್ಲದ ಆಟ. ಇದು ನಮ್ಮ ದೇಶದ ಸ್ವತ್ತೆಂಬುದಕ್ಕೆ ಸಾಕ್ಷ್ಯ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಏಳನೆಯ ಶತಮಾನದಲ್ಲಿ ಬಾಣಭಟ್ಟನು ಹರ್ಷಚರಿತದಲ್ಲಿ ಶ್ಲೇಷೆಯಿಂದ ಇದನ್ನು ಸೂಚಿಸಿದ್ದಾನೆ. ಕಾಶ್ಮೀರದ ರುದ್ರಟನು ಕುದುರೆಯ ನಡೆಯಂತೆ ಅಕ್ಷರಗಳನ್ನು ಜೋಡಿಸಿ ಶ್ಲೋಕ ಕಟ್ಟಿದನು. ಪಾಠಶಾಲೆಯಲ್ಲಿ ಅದನ್ನು ಬಿಡಿಸಲಾರದೆ ನಾವು ಒಂದು ರಾತ್ರಿ ನಿದ್ದೆಗೆಟ್ಟಿದ್ದೆವು. ಗದಗು ಲಕ್ಕುಂಡಿಗಳನ್ನು ಆಳಿದ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ಬರೆದ ಮಾನಸೋಲ್ಲಾಸದ ಕ್ರೀಡಾಭಾಗದಲ್ಲಿ ಚದುರಂಗಕ್ಕೂ ಪಗಡೆಗೂ ಕವಡೆಯ ಆಟಕ್ಕೂ ಸ್ಥಳ ಕೊಟ್ಟಿದ್ದಾನೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಆಟಗಳ ಭಂಡಾರವನ್ನೇ ತೆರೆದಿಟ್ಟು, ಗಂಜೀಫಾ ಎಲೆಗಳಲ್ಲಿಯೂ ಹೊಸ ಹೊಸ ಆಟಗಳನ್ನು ಕಲ್ಪಿಸಿದರು. ರಾಜನು ಆಟದ ಮೇಲೆ ಗ್ರಂಥ ಬರೆಯುವುದು ಆಗ ಯಾರಿಗೂ ಹಗುರವಾಗಿ ತೋರಲಿಲ್ಲ.

ಆ ರಾತ್ರಿ ಸಜ್ಜೆಯ ರೊಟ್ಟಿ, ಬದನೆಕಾಯಿಯ ಎಣ್ಣೆಗಾಯಿ, ಶೇಂಗಾಹಿಂಡಿ, ಗಟ್ಟಿಮೊಸರು. ಉಂಡು ಕೈ ತೊಳೆದು ಪಡಸಾಲೆಯಲ್ಲಿ ಕುಳಿತಾಗ ಗೌಡರು ಟ್ರಂಕಿನಿಂದ ಹಳೆಯ ಬಟ್ಟೆಯ ಹಾಸನ್ನೂ ಕಟ್ಟಿಗೆಯ ಕಾಯಿಗಳನ್ನೂ ತೆಗೆದರು. ಒಂದು ಕಾಲಾಳು ಎಂದೋ ಕಳೆದುಹೋಗಿ ಅದರ ಬದಲಾಗಿ ಹುಣಸೆಬೀಜವೊಂದು ನಿಂತಿತ್ತು. “ನಾಳೆ ಆಡೋದಕ್ಕ ಕೈ ಸಡಲ ಮಾಡಕೊಳ್ರಿ. ಆದ್ರ ಮಾಸ್ತರ, ಅಂದ ಯಾಕ ಬಿಟ್ಟಿರಿ ಅದನ್ನ? ಬಹುಮಾನಾ ತಗೊಂಡು ಬಂದವರು ಮರುದಿನಾನ ಬಿಟ್ಟಿರಿ. ನಾ ಕೇಳಿಲ್ಲ” ಎಂದರು.

ಅಲ್ಲಿಯವರೆಗೆ ಯಾರಿಗೂ ಹೇಳದುದನ್ನು ಅಂದು ಹೇಳಿದೆವು.

ಗದಗು ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದರ ಮರುವರ್ಷ ಅಲ್ಲಿ ನಡೆದ ಒಂದು ಸ್ಪರ್ಧೆಯಲ್ಲಿ ನಾವು ಕಡೆಯ ಸುತ್ತಿನವರೆಗೂ ಚೆನ್ನಾಗಿ ಆಡಿದ್ದೆವು. ಕಡೆಯ ಸುತ್ತಿನಲ್ಲಿ ಎದುರಿಗೆ ಬಂದವನು ಬೆಟಗೇರಿಯ ನೇಕಾರರ ಮನೆಯ ಹುಡುಗ; ಹದಿಮೂರು ವರ್ಷ; ಬೇರೆ ಅಂಗಿಯಿಲ್ಲದುದರಿಂದಲೋ ಏನೋ ರಜೆಯ ದಿನವೂ ಶಾಲೆಯ ಅಂಗಿಯನ್ನೇ ತೊಟ್ಟಿದ್ದನು. ಮುಟ್ಟಿದ ಕಾಯಿಯನ್ನು ನಡೆಸಲೇಬೇಕೆಂಬುದು ಈ ಆಟದ ಮೂಲಧರ್ಮ. ಕಾಯಿಯನ್ನು ನೇರ ನಿಲ್ಲಿಸಬೇಕಾದರೆ ಮೊದಲೇ ಹೇಳಿ ಮುಟ್ಟಬೇಕು. ನಾವು ಕುದುರೆಯನ್ನು ಹಿಡಿದೆವು, ಹಿಡಿದ ಮೇಲೆ ಅದನ್ನೆತ್ತಿದರೆ ಮಂತ್ರಿ ಹೋಗುವುದು ಕಂಡಿತು, ಬಿಟ್ಟೆವು. “ಸರ, ಮುಟ್ಟೀರಿ” ಎಂದನು ಹುಡುಗ. “ಇಲ್ಲ” ಎಂದೆವು. ತೀರ್ಪುಗಾರರು ಬಂದರು. ಅವರು ನಮ್ಮ ಮುಖವನ್ನೂ ಹುಡುಗನ ಮುಖವನ್ನೂ ನೋಡಿ, “ಮಾಸ್ತರು ಹೇಳಿದ ಮ್ಯಾಲೆ ಮುಗೀತಲ್ಲಪ್ಪ” ಎಂದರು. ಹುಡುಗ ತೋಳಿನಿಂದ ಮೂಗೊರಸಿಕೊಂಡು ಮಣೆಯನ್ನೇ ನೋಡುತ್ತ ಕುಳಿತನು. ಇಪ್ಪತ್ತು ನಡೆಗಳಲ್ಲಿ ಸೋತನು. ಎದ್ದು ಕೈ ಕೊಟ್ಟನು. ನಮಗೆ ತೃತೀಯ ಬಹುಮಾನ ಬಂದಿತು: ಹೆಸರು ಕೆತ್ತಿದ ಒಂದು ಸ್ಟೀಲಿನ ಕೊಡ. ಅದು ಈಗಲೂ ಧಾರವಾಡದ ಮನೆಯಲ್ಲಿದೆ. ಪ್ರತಿದಿನ ಅದರಲ್ಲಿಯೇ ಕುಡಿಯುವ ನೀರು ತುಂಬಿಡುತ್ತಾರೆ.

ತರಗತಿಯಲ್ಲಿ ಅಶ್ವತ್ಥಾಮನೆಂಬ ಆನೆಯ ಕಥೆಯನ್ನು ಹೇಳುವಾಗಲೆಲ್ಲ ನಾವು ಕಿಟಕಿಯ ಹೊರಗೆ ನೋಡುತ್ತಿದ್ದೆವು. ಧರ್ಮರಾಯನ ರಥವಾದರೂ ಅಂದು ನೆಲಕ್ಕಿಳಿಯಿತು. ನಮಗೆ ಗೌರವ ಹೆಚ್ಚಾಯಿತು.

“ಯಾರಿಗೂ ಗೊತ್ತಿಲ್ಲ ಗೌಡರ” ಎಂದೆವು.

ಗೌಡರು ಬಹಳ ಹೊತ್ತು ಕಾಯಿಗಳನ್ನು ನಿಲ್ಲಿಸುತ್ತಿದ್ದರು. ಮೃಗಾಲಯದ ಕಡೆಯಿಂದ ಯಾವುದೋ ಮೃಗದ ಕೂಗು ಕೇಳಿ ಬಂದು, ಊರ ನಾಯಿಗಳು ಅದಕ್ಕೆ ಉತ್ತರ ಕೊಟ್ಟು ಸುಮ್ಮನಾದುವು. “ಆ ಹುಡುಗಗ ಗೊತ್ತೈತಲ್ರಿ, ಮಾಸ್ತರ” ಎಂದರು.

ಅಂದು ಆಟವಾಡಲಿಲ್ಲ.

ಮರುದಿನ ಬೆಳಗ್ಗೆ ಗೌಡರ ಮೊಮ್ಮಗನು ಬೈಕಿನ ಮೇಲೆ ನಮ್ಮನ್ನು ಗದಗಿಗೆ ಮುಟ್ಟಿಸಿದನು. ಕಲ್ಯಾಣಮಂಟಪವೊಂದರಲ್ಲಿ ಉದ್ದನೆಯ ಮೇಜುಗಳು; ನೂರಾರು ಮಕ್ಕಳು; ಅವರ ನಡುನಡುವೆ ನಮ್ಮಂಥ ನರೆತ ತಲೆ ನಾಲ್ಕೋ ಐದೋ. 2024ರ ಡಿಸೆಂಬರಿನಲ್ಲಿ ಗುಕೇಶನು ಹದಿನೆಂಟನೆಯ ವಯಸ್ಸಿನಲ್ಲಿಯೇ ಸಿಂಗಪುರದಲ್ಲಿ ಜಗಜ್ಜೇತನಾದ ಮೇಲೆ ಮಕ್ಕಳ ಸಂಖ್ಯೆ ಬಹಳ ಏರಿದೆಯೆಂದು ಪಕ್ಕದವರು ಹೇಳಿದರು. 1988ರಲ್ಲಿ ಆನಂದನು ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರನಾದಾಗ ನಾವು ಆ ಸುದ್ದಿಯ ಪತ್ರಿಕೆಯನ್ನು ಕತ್ತರಿಸಿ ಇಟ್ಟುಕೊಂಡವರು. ಕರ್ನಾಟಕಕ್ಕೆ ಆ ಪದವಿ ಬರಲು ಮೈಸೂರಿನ ತೇಜಕುಮಾರರು 2017ರವರೆಗೆ ದುಡಿಯಬೇಕಾಯಿತು. ಈ ಮಕ್ಕಳಿಗೆ ಇದೆಲ್ಲ ಪುರಾಣ.

ಬದಲಾದುದು ಬಹಳ. ನಮ್ಮ ಕಾಲದ ಗಡಿಯಾರಕ್ಕೆ ಎರಡು ಮುಖ, ಎರಡು ಕೆಂಪು ಬಾವುಟ. ಅದರ ಟಿಕ್ ಟಿಕ್ ಎಂಬ ಸದ್ದೇ ಒಂದು ಸಮಾಧಾನ. ಈಗಿನದರಲ್ಲಿ ಅಂಕೆಗಳು ನಿಶ್ಶಬ್ದವಾಗಿ ಕರಗುತ್ತವೆ. ಒಬ್ಬೊಬ್ಬರಿಗೆ 15 ನಿಮಿಷ. ನಡೆಸಿದ ಪ್ರತಿಯೊಂದು ನಡೆಗೂ 5 ಸೆಕೆಂಡು ಕೂಡುತ್ತದೆ. ಯಾರಿಗೆ ಯಾರು ಎದುರಾಳಿಯೆಂಬುದನ್ನು ಹಿಂದೆ ಚೀಟಿಗಳನ್ನು ಹರಡಿ ಜೋಡಿಸುತ್ತಿದ್ದರು. ಈಗ ಗಣಕಯಂತ್ರವು ಕ್ಷಣದಲ್ಲಿ ಹೇಳುತ್ತದೆ. ಗೆದ್ದವನಿಗೆ ಗೆದ್ದವನನ್ನೂ ಸೋತವನಿಗೆ ಸೋತವನನ್ನೂ ಒಡ್ಡುವ ಆ ಸ್ವಿಸ್ ಪದ್ಧತಿ ಮಾತ್ರ 1895ರಲ್ಲಿ ಜೂರಿಚ್ ನಗರದಲ್ಲಿ ಆರಂಭವಾದುದೇ. ಮೊಬೈಲುಗಳನ್ನೆಲ್ಲ ಬಾಗಿಲಲ್ಲಿಯೇ ಒಪ್ಪಿಸಬೇಕು. ಅಳಿಯನು ಹೇಳಿದುದು ಇಲ್ಲಿ ಅರ್ಥವಾಯಿತು: ಮೊದಲನೆಯ ಸುತ್ತಿನಲ್ಲಿ ಕಾಲಾಳನ್ನು ಮುಂದಿಡುವಾಗ ನಮ್ಮ ಕೈಯೂ ನಡುಗಿತು. ಎದುರಿಗಿದ್ದ ಒಂಬತ್ತು ವರ್ಷದ ಬಾಲಕನು ಅದನ್ನು ನೋಡಿದನು. ನೋಡಿ, ಕಣ್ಣು ತಿರುಗಿಸಿದನು. ಸಭ್ಯ ಬಾಲಕ. ಹತ್ತು ನಿಮಿಷಗಳಲ್ಲಿ ನಮ್ಮನ್ನು ಸೋಲಿಸಿದನು.

ಎರಡನೆಯದನ್ನು ಎದುರಾಳಿಯ ತಪ್ಪಿನಿಂದ ಗೆದ್ದೆವು. ಮೂರನೆಯದನ್ನು ನಮ್ಮದೇ ಬಲದಿಂದ. ಆಗ ಸ್ವಲ್ಪ ಬಿಂಕ ಮರಳಿತೆಂದು ಒಪ್ಪಿಕೊಳ್ಳಬೇಕು; ಮಿರ್ಚಿಭಜಿ ತಿನ್ನುತ್ತ ಪಕ್ಕದವರಿಗೆ ನಡೆಗಳನ್ನು ವಿವರಿಸಿದೆವು. ನಾಲ್ಕನೆಯ ಸುತ್ತಿಗೆ ಹನ್ನೊಂದರ ಒಬ್ಬ ಹುಡುಗಿ. ಲಂಡನ್ ಪದ್ಧತಿಯೆಂದು ಈಗಿನ ಮಕ್ಕಳಿಗೆಲ್ಲ ಪ್ರಿಯವಾದ ಆರಂಭವನ್ನು ಬಾಯಿಪಾಠದಂತೆ ಒಪ್ಪಿಸಿದಳು. ಪಾಠ ಮುಗಿದಲ್ಲಿ ತಡವರಿಸಿದಳು. ನಮಗೆ ಒಂದು ಕಾಲಾಳು ಹೆಚ್ಚಾಯಿತು. ಗಡಿಯಾರದಲ್ಲಿ ನಮಗೆ ಮೂರು ನಿಮಿಷ ಉಳಿದಿತ್ತು. ಆನೆಯನ್ನು ಸರಿಸಬೇಕೆಂದು ನಿಶ್ಚಯಿಸಿ ಕೈ ನೀಡಿದೆವು; ಬೆರಳುಗಳು ಪಕ್ಕದ ಒಂಟೆಯನ್ನು ಹಿಡಿದುವು. ಆ ಒಂಟೆ ರಾಜನ ಮೂಲೆಯನ್ನು ಕಾಯುತ್ತಿದ್ದುದು. ಅದು ಕದಲಿದರೆ ಅವಳ ಮಂತ್ರಿಗೆ ಬಾಗಿಲು ತೆರೆದಂತೆ.

ಹುಡುಗಿ ನಮ್ಮ ಮಣೆಯನ್ನು ನೋಡುತ್ತಿರಲಿಲ್ಲ. ಪಕ್ಕದ ಮೇಜಿನಲ್ಲಿ ಅವಳ ಗೆಳತಿ ಅಳುತ್ತಿದ್ದಳು; ಇವಳು ಆ ಕಡೆ ಕುತ್ತಿಗೆ ತಿರುಗಿಸಿದ್ದಳು. ಬೆರಳುಗಳನ್ನು ಹಿಂದಕ್ಕೆ ತೆಗೆದಿದ್ದರೆ ಆಗುತ್ತಿತ್ತು. ಎಷ್ಟು ಹೊತ್ತು ಹಾಗೆ ಹಿಡಿದು ಕುಳಿತಿದ್ದೆವೋ ತಿಳಿಯದು. ಗಡಿಯಾರದ ಲೆಕ್ಕದಲ್ಲಿ ನಲವತ್ತು ಸೆಕೆಂಡು. ಆಮೇಲೆ ಒಂಟೆಯನ್ನೇ ನಡೆಸಿದೆವು. ಅವಳು ತಿರುಗಿ ನೋಡಿ, ಹುಬ್ಬೇರಿಸಿ, ಮತ್ತೊಮ್ಮೆ ನೋಡಿ, ಮಂತ್ರಿಯನ್ನು ತಂದಳು. ಆರು ನಡೆಗಳಲ್ಲಿ ಆಟ ಮುಗಿಯಿತು. ಎದ್ದಾಗ ನಮ್ಮ ಬೆನ್ನ ಹಿಂದೆಯೇ ತೀರ್ಪುಗಾರರೊಬ್ಬರು ಕೈ ಕಟ್ಟಿ ನಿಂತಿದ್ದುದು ಕಂಡಿತು. ಅವರು ಅಲ್ಲಿದ್ದುದು ನಮಗೆ ಮೊದಲೇ ಗೊತ್ತಿತ್ತೇ, ಅವರ ನೆರಳೇನಾದರೂ ಮಣೆಯ ಮೇಲೆ ಬಿದ್ದಿತ್ತೇ ಎಂದು ಈಗಲೂ ಯೋಚಿಸುತ್ತೇವೆ. ಇತ್ತೆಂದೂ ಹೇಳಲಾರೆವು, ಇಲ್ಲವೆಂದೂ ಹೇಳಲಾರೆವು.

“ಛಲೋ ಆಡಿದ್ರಿ ಅಜ್ಜಾರ, ಆ ಒಂಟಿ ಯಾಕ ನಡಸಿದ್ರಿ?” ಎಂದು ಕೇಳಿದಳು ಹುಡುಗಿ. “ಮುಟ್ಟಿದ್ದೆ ತಂಗಿ” ಎಂದೆವು. “ನಾ ನೋಡಿದ್ದಿಲ್ಲಲ್ಲ” ಎಂದು ನಕ್ಕು ಓಡಿದಳು.

ಬಾಗಿಲಿನ ಹೊರಗೆ ತಂದೆತಾಯಂದಿರು ಕಾಯುತ್ತಿದ್ದರು. ಬೆಟಗೇರಿಯ ಆ ಹುಡುಗನಿಗೆ ಈಗ ನಲವತ್ತಾಗಿರಬೇಕು. ಬೆಳಗಿನಿಂದ ಆ ವಯಸ್ಸಿನ ಪ್ರತಿಯೊಬ್ಬನ ಮುಖವನ್ನೂ ನಾವು ನೋಡುತ್ತಿದ್ದೆವೆಂಬುದು ಆಗ ನಮ್ಮ ಅರಿವಿಗೆ ಬಂದಿತು. ಹುಡುಗಿಯ ತಂದೆ ನೀರಿನ ಬಾಟಲಿ ಹಿಡಿದು ನಿಂತಿದ್ದನು. ಹತ್ತಿರ ಹೋಗಿ, “ತಾವೂ ಚಿಕ್ಕಂದಿನಲ್ಲಿ ಆಡುತ್ತಿದ್ದಿರೇನು?” ಎಂದು ಕೇಳಿದೆವು. “ಇಲ್ರೀ ಸರ. ನಮಗೆಲ್ಲಿ ಬರ್ತೈತ್ರಿ! ಇಕಿ ಮೊಬೈಲಿನಾಗ ಕಲತಾಳ” ಎಂದನು. ಇನ್ನೊಬ್ಬನನ್ನು ಕೇಳುವ ಧೈರ್ಯವಾಗಲಿಲ್ಲ.

ಉಳಿದ ಮೂರು ಸುತ್ತುಗಳಲ್ಲಿ ಒಂದನ್ನು ಗೆದ್ದು ಎರಡನ್ನು ಸೋತೆವು. ಏಳರಲ್ಲಿ ಮೂರು ಅಂಕ. ಬಹುಮಾನ ವಿತರಣೆಗೆ ನಿಲ್ಲಲಿಲ್ಲ. ಸಂಜೆ ವೀರನಾರಾಯಣನ ಗುಡಿಗೆ ಹೋಗಿ, ಕುಮಾರವ್ಯಾಸನು ಒರಗಿ ಕುಳಿತು ಹಾಡಿದನೆಂದು ಹೇಳುವ ಕಂಬದ ಬಳಿ ಸ್ವಲ್ಪ ಹೊತ್ತು ಕುಳಿತು, ಕತ್ತಲಾಗುವ ಹೊತ್ತಿಗೆ ಬಿಂಕದಕಟ್ಟಿಗೆ ಮರಳಿದೆವು.

ಗೌಡರು ಪಡಸಾಲೆಯಲ್ಲಿ ಹಾಸು ಹಾಸಿ, ಕಾಯಿಗಳನ್ನು ನಿಲ್ಲಿಸಿಯೇ ಕುಳಿತಿದ್ದರು. “ಏನಾತ್ರಿ?”

“ಏಳರಾಗ ಮೂರು.”

“ಆ ಹುಡುಗ?”

“ಸಿಗಲಿಲ್ಲ.”

ಅವರು ತಲೆಯಾಡಿಸಿ ದೀಪದ ಕಡೆಗೆ ಹಾಸನ್ನು ಸ್ವಲ್ಪ ಎಳೆದರು. ಒಳಗೆ ರೊಟ್ಟಿ ತಟ್ಟುವ ಸದ್ದು ಕೇಳುತ್ತಿತ್ತು. ಹುಣಸೆಬೀಜವಿದ್ದ ಪಕ್ಷವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು, “ನಡಸ್ರಿ. ನಮ್ಮ ಕಡೆ ಒಂದ ಮನಿ ಮತ್ತ, ಎರಡ ಇಲ್ಲ” ಎಂದರು.